ಚಿತ್ತದ ಔಷಧವೂ ಕರುಳಿನ ಋಣವೂ

ಕಳೆದುಹೋದ ಬುದ್ಧಿಯನ್ನು ಮನುಷ್ಯನಿಗೆ ಮರಳಿ ಕೊಡುವ ಔಷಧವೊಂದುಂಟು; ಅದೇ ಔಷಧವು ಅವನ ಕರುಳನ್ನು ಸದ್ದಿಲ್ಲದೆ ಕೆಡಿಸಲೂ ಬಲ್ಲುದು. ಇಂಥ ಔಷಧವನ್ನು ಕೊಡುವುದು ಧರ್ಮವೋ ಅಧರ್ಮವೋ? ಕೊಡುವುದೇ ಧರ್ಮವೆಂದಾದರೆ, ಕೊಟ್ಟ ವೈದ್ಯನಿಗೂ ಕೊಡಿಸಿದ ಬಂಧುಗಳಿಗೂ ಅದರಿಂದ ಮನೆಯಲ್ಲಿ ನೆಮ್ಮದಿಯನ್ನು ಕಂಡವರಿಗೂ ಯಾವ ಕರ್ತವ್ಯವು ಒದಗುತ್ತದೆ? ಪ್ರಕೃತ ಲೇಖನದಲ್ಲಿ ವಿಚಾರಿಸತಕ್ಕ ಪ್ರಶ್ನೆ ಇದು. ಹೊಟ್ಟೆ, ಮಲ ಮೊದಲಾದ ಮಾತುಗಳು ಸಾಹಿತ್ಯ ಪತ್ರಿಕೆಗೆ ಶೋಭಿಸುವುದಿಲ್ಲವೆಂದು ಕೆಲವು ವಾಚಕರು ಮುಖ ಸಿಂಡರಿಸಬಹುದು. ಆ ಸಂಕೋಚವೇ ಈ ವಿಷಯದಲ್ಲಿ ಪ್ರಾಣಾಪಾಯಕ್ಕೆ ಕಾರಣವಾಗುತ್ತಿದೆಯೆಂದು ಮುಂದೆ ಹೇಳಬೇಕಾಗಿರುವುದರಿಂದ ಅವರು ಕೊಂಚ ಸೈರಿಸಬೇಕೆಂದು ಪ್ರಾರ್ಥನೆ.

ಚಿತ್ತವಿಭ್ರಮಕ್ಕೆ ಆಧುನಿಕ ರೀತಿಯಲ್ಲಿ ಪರೀಕ್ಷಿಸಲ್ಪಟ್ಟ ಔಷಧಗಳು ಲೋಕಕ್ಕೆ ದೊರೆತು ಇನ್ನೂ ನೂರು ವರ್ಷಗಳು ತುಂಬಿಲ್ಲ. ನಮ್ಮ ದೇಶದಲ್ಲಿ ಗಣನಾಥ ಸೇನರೂ ಕಾರ್ತಿಕಚಂದ್ರ ಬೋಸರೂ ಸರ್ಪಗಂಧದ ಬೇರಿನ ಗುಣವನ್ನು ಕುರಿತು 1931ರಲ್ಲಿ ಬರೆದರು. 1952ರಲ್ಲಿ ಪ್ಯಾರಿಸ್ ನಗರದ ಸಾಂತ್ ಆನ್ ಆಸ್ಪತ್ರೆಯಲ್ಲಿ ಡೆಲೇ ಮತ್ತು ಡೆನಿಕರ್ ಎಂಬ ವೈದ್ಯರು ಕ್ಲೋರ್‌ಪ್ರೊಮಜೀನ್ ಎಂಬ ಔಷಧವನ್ನು ರೋಗಿಗಳಿಗೆ ಕೊಟ್ಟು ಅದರ ಫಲವನ್ನು ಪ್ರಕಟಿಸಿದರು. ಅದಕ್ಕೆ ಹಿಂದೆ ಇಂಥ ರೋಗಿಗಳಿಗೆ ಇದ್ದ ಗತಿಯನ್ನು ಬಣ್ಣಿಸಬೇಕಾದುದಿಲ್ಲ. ಕತ್ತಲೆಯ ಕೋಣೆ, ಕಾಲಿಗೆ ಸರಪಣಿ, ದೇವಸ್ಥಾನದ ಕಂಬ, ಮಂತ್ರವಾದಿಯ ಬೆತ್ತ. ಆದುದರಿಂದ ಈ ಔಷಧಗಳನ್ನು ಹಳಿಯುವುದು ನನ್ನ ಉದ್ದೇಶವಲ್ಲವೆಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ಇವುಗಳಲ್ಲಿ ಕ್ಲೋಜಪೀನ್ ಎಂಬುದರ ಚರಿತ್ರೆ ವಿಚಿತ್ರವಾದುದು. 1950ರ ದಶಕದ ಕೊನೆಯಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಇದು ಸಿದ್ಧವಾಯಿತು. 1975ರಲ್ಲಿ ಫಿನ್ಲೆಂಡ್ ದೇಶದಲ್ಲಿ ಇದನ್ನು ಸೇವಿಸುತ್ತಿದ್ದ ಕೆಲವರ ರಕ್ತದಲ್ಲಿ ಬಿಳಿಯ ಕಣಗಳು ನಶಿಸಿಹೋಗಿ 8 ಮಂದಿ ಮೃತರಾದರು. ಅನೇಕ ದೇಶಗಳು ಇದನ್ನು ಕೈಬಿಟ್ಟುವು. ಆದರೆ ಬೇರಾವ ಔಷಧಕ್ಕೂ ಬಗ್ಗದ ಸ್ಕಿಜೋಫ್ರೀನಿಯಾ ರೋಗಕ್ಕೆ ಇದು ಬಗ್ಗಿಸುವ ಶಕ್ತಿಯುಳ್ಳದ್ದೆಂಬುದನ್ನು ವೈದ್ಯರು ಮರೆಯಲಿಲ್ಲ. 1988ರಲ್ಲಿ ಅಮೆರಿಕೆಯಲ್ಲಿ ಕೇನ್ ಎಂಬ ವೈದ್ಯರೂ ಅವರ ಸಹೋದ್ಯೋಗಿಗಳೂ ಇತರ ಔಷಧಗಳಿಂದ ಗುಣಕಾಣದ 268 ರೋಗಿಗಳ ಪರೀಕ್ಷೆಯನ್ನು ಪ್ರಕಟಿಸಿದರು. ಆರು ವಾರಗಳಲ್ಲಿ ಹಳೆಯ ಔಷಧವನ್ನು ಪಡೆದವರಲ್ಲಿ ನೂರಕ್ಕೆ 4 ಮಂದಿಗೂ, ಕ್ಲೋಜಪೀನನ್ನು ಪಡೆದವರಲ್ಲಿ ನೂರಕ್ಕೆ 30 ಮಂದಿಗೂ ಗುಣ ಕಂಡಿತು. 1989ರಲ್ಲಿ ಆ ದೇಶದ ಸರ್ಕಾರವು ಇದಕ್ಕೆ ಅನುಮತಿಯನ್ನಿತ್ತಿತು. ಆದರೆ ವಾರವಾರವೂ ರಕ್ತವನ್ನು ಪರೀಕ್ಷಿಸಲೇಬೇಕೆಂಬ ಕಟ್ಟಳೆಯೊಡನೆ. ಮತ್ತೊಂದು ವಿಚಿತ್ರವೇನೆಂದರೆ, 8 ಮಂದಿ ಸತ್ತ ಅದೇ ಫಿನ್ಲೆಂಡಿನಲ್ಲಿ 1996ರಿಂದ 2006ರವರೆಗಿನ ಲೆಕ್ಕವನ್ನು ತೆಗೆದು 2009ರಲ್ಲಿ ಪ್ರಕಟಿಸಿದಾಗ, ಈ ವರ್ಗದ ಔಷಧಗಳಲ್ಲೆಲ್ಲಾ ಕ್ಲೋಜಪೀನನ್ನು ಸೇವಿಸುವವರಲ್ಲಿಯೇ ಮರಣವು ಅತಿ ಕಡಮೆಯೆಂದು ತಿಳಿದುಬಂದಿತು. ಆತ್ಮಹತ್ಯೆಯ ಪ್ರವೃತ್ತಿಯನ್ನು ಇದು ತಗ್ಗಿಸುತ್ತದೆ. ಹೀಗಿರಲಾಗಿ, ಇದನ್ನು ವಿಷವೆಂದು ಕೂಗಾಡುವವರು ರೋಗಿಗೆ ಮಿತ್ರರಲ್ಲ.

ಇನ್ನು ಕರುಳಿನ ಮಾತು. ನಮ್ಮ ಕರುಳಿನ ಗೋಡೆಯ ಸ್ನಾಯುಗಳು ಅಲೆಯಲೆಯಾಗಿ ಬಿಗಿದು ಸಡಿಲಿ ಒಳಗಿನದನ್ನು ಮುಂದಕ್ಕೆ ನೂಕುತ್ತಿರುತ್ತವೆ. ಈ ಅಪ್ಪಣೆಯನ್ನು ಸ್ನಾಯುಗಳಿಗೆ ಮುಟ್ಟಿಸುವ ರಸಗಳಲ್ಲಿ ಅಸಿಟೈಲ್‌ಕೋಲೀನ್, ಸೆರೊಟೋನಿನ್ ಎಂಬುವು ಮುಖ್ಯವಾದುವು. ಕ್ಲೋಜಪೀನು ಈ ಇಬ್ಬರು ದೂತರಿಗೂ ಬಾಗಿಲನ್ನು ಮುಚ್ಚುತ್ತದೆ. ಅಲೆಯು ಮಂದವಾಗುತ್ತದೆ, ಮಲವು ನಿಂತು ಗಟ್ಟಿಯಾಗುತ್ತದೆ, ದೊಡ್ಡ ಕರುಳು ಉಬ್ಬುತ್ತದೆ. ಉಬ್ಬಿದ ಕರುಳಿನ ಗೋಡೆಯಲ್ಲಿ ರಕ್ತವು ಹರಿಯಲಾರದೆ ಒಳಪೊರೆಯು ಉರಿಯೂತಕ್ಕೆ ಗುರಿಯಾಗಿ ಸಾಯತೊಡಗುತ್ತದೆ. ಅಲ್ಲಿಯ ಕ್ರಿಮಿಗಳು ದಾರಿ ಮಾಡಿಕೊಂಡು ಇಡೀ ದೇಹವನ್ನು ಮುತ್ತುತ್ತವೆ. ಈ ಔಷಧದಿಂದ ಬಾಯಲ್ಲಿ ಜೊಲ್ಲು ಸುರಿಯುವುದೂ ಉಂಟು. ಅದನ್ನು ನಿಲ್ಲಿಸಲು ಕೊಡುವ ಮಾತ್ರೆಗಳಲ್ಲಿ ಕೆಲವು ಅದೇ ಬಾಗಿಲನ್ನು ಇನ್ನೊಮ್ಮೆ ಮುಚ್ಚತಕ್ಕಂಥವು.

ನ್ಯೂಜಿಲೆಂಡಿನ ವೈದ್ಯರು ಈ ವಿಷಯದಲ್ಲಿ ಶ್ರದ್ಧೆಯಿಂದ ಕೆಲಸ ಮಾಡಿದ್ದಾರೆ. 2008ರಲ್ಲಿ ಪ್ರಕಟವಾದ ಅವರ ಬರಹವೊಂದರಲ್ಲಿ ಕ್ಲೋಜಪೀನಿನಿಂದ ಕರುಳು ತೀವ್ರವಾಗಿ ಕೆಟ್ಟ 102 ಪ್ರಸಂಗಗಳ ವಿಚಾರವುಂಟು. ಅವುಗಳಲ್ಲಿ ನೂರಕ್ಕೆ 27.5ರಷ್ಟು ಮರಣದಲ್ಲಿ ಮುಗಿದುವು. ಅತಿ ಕಠಿನವಾದ ಪ್ರಸಂಗಗಳೇ ಕಾಗದಕ್ಕೆ ಏರುತ್ತವೆಂಬುದು ನಿಜ. ಆದುದರಿಂದ ಈ ಲೆಕ್ಕವನ್ನು ಔಷಧ ಸೇವಿಸುವವರೆಲ್ಲರಿಗೂ ಅನ್ವಯಿಸಕೂಡದು. 2016ರಲ್ಲಿ ಅವರೇ ಕರುಳಿನ ಗತಿಯನ್ನು ಅಳೆದು ನೋಡಿದರು. ಈ ಔಷಧವಿಲ್ಲದ ರೋಗಿಗಳ ದೊಡ್ಡ ಕರುಳನ್ನು ದಾಟಲು ಸುಮಾರು 23 ಗಂಟೆ ಹಿಡಿದರೆ, ಕ್ಲೋಜಪೀನನ್ನು ಸೇವಿಸುವವರಲ್ಲಿ 104 ಗಂಟೆಗಳಿಗೂ ಮಿಕ್ಕಿ ಹಿಡಿಯಿತು. ನಾಲ್ಕು ದಿನಗಳಿಗೆ ಮೇಲಾಯಿತಲ್ಲವೆ?

ಇಲ್ಲಿ ನನ್ನನ್ನು ಬಹುವಾಗಿ ಕಾಡಿದ ಸಂಗತಿ ಒಂದುಂಟು. ರಕ್ತದ ದೋಷಕ್ಕೆ 1989ರಲ್ಲಿಯೇ ಕಟ್ಟಳೆ ಬಂದಿತು, ದಾಖಲೆಯ ಪುಸ್ತಕ ಬಂದಿತು, ರಕ್ತದ ವರದಿಯಿಲ್ಲದೆ ಅಂಗಡಿಯವನು ಮಾತ್ರೆಯನ್ನು ಕೊಡಕೂಡದೆಂಬ ನಿಯಮ ಬಂದಿತು. ಆ ದಾಖಲೆಯ ಕಡ್ಡಾಯವನ್ನು ಅಮೆರಿಕೆಯವರು 2025ರಲ್ಲಿ ತೆಗೆದುಹಾಕಿದರಾದರೂ ರಕ್ತಪರೀಕ್ಷೆಯ ಸಲಹೆ ಈಗಲೂ ಇದೆ. ಕರುಳಿನ ವಿಷಯದಲ್ಲಿಯೋ, ಎಚ್ಚರಿಕೆಯ ಮಾತನ್ನು ಬಲಪಡಿಸಲು ಅವರಿಗೆ 2020ರ ಜನವರಿಯವರೆಗೆ ಕಾಲ ಹಿಡಿಯಿತು. ಏಕೆ ಹೀಗೆ? ರಕ್ತವನ್ನು ಸೂಜಿಯಿಂದ ತೆಗೆದು ಗಾಜಿನ ನಳಿಗೆಯಲ್ಲಿಟ್ಟು ಅಂಕಿಯಾಗಿ ಬರೆಯಬಹುದು. ಕರುಳಿನ ಸ್ಥಿತಿಯನ್ನು ತಿಳಿಯಬೇಕಾದರೆ ಮೊದಲು ಮನುಷ್ಯನು ಮನುಷ್ಯನನ್ನು ಕೇಳಬೇಕು: ‘ಈ ದಿವಸ ಹೊರಕಡೆ ಆಯಿತೆ?’ ಕೇಳುವವನಿಗೆ ನಾಚಿಕೆ. ಹೇಳುವವನಿಗೆ ಅದಕ್ಕಿಂತ ನಾಚಿಕೆ. ಹಿಂದಿನ ಪಂಡಿತರಿಗೆ ಈ ನಾಚಿಕೆ ಇರಲಿಲ್ಲ. ಅಷ್ಟಸ್ಥಾನ ಪರೀಕ್ಷೆಯಲ್ಲಿ ನಾಡಿಯ ಜತೆಯಲ್ಲಿಯೇ ಮೂತ್ರವೂ ಮಲವೂ ಎಣಿಕೆಗೆ ಸೇರಿವೆ. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ತಡೆಯಬಾರದ ಹದಿಮೂರು ವೇಗಗಳಿಗಾಗಿಯೇ ಒಂದು ಅಧ್ಯಾಯವನ್ನು ಮೀಸಲಿಟ್ಟಿದ್ದಾರೆ. ನಾವು ಇಂಗ್ಲಿಷ್ ಕಲಿತು ಸಭ್ಯರಾದ ಮೇಲೆ ಈ ಪ್ರಶ್ನೆಯನ್ನು ಅಡಿಗೆಮನೆಯ ಹಿಂದಕ್ಕೆ ಅಟ್ಟಿದೆವು.

ಇದರ ಹಿಂದೆ ಒಂದು ತಾತ್ತ್ವಿಕ ಭ್ರಮೆಯೂ ಇದೆ. ಮನಸ್ಸು ಉತ್ತಮ, ಹೊಟ್ಟೆ ಅಧಮ. ಉತ್ತಮಕ್ಕಾಗಿ ಅಧಮವನ್ನು ತೆತ್ತರೆ ನಷ್ಟವಿಲ್ಲ ಎಂಬುದು ಆ ಭ್ರಮೆ. ತೈತ್ತಿರೀಯೋಪನಿಷತ್ತಿನಲ್ಲಿ ಅನ್ನಮಯಕೋಶದಿಂದ ಮನೋಮಯಕ್ಕೆ ಏರುವ ಕ್ರಮವನ್ನು ಓದಿದವರು ಕೆಳಗಿನ ಮೆಟ್ಟಿಲನ್ನು ಒದ್ದು ಮೇಲೇರಬಹುದೆಂದು ಅರ್ಥಮಾಡಿಕೊಳ್ಳುವುದುಂಟು. ಅದೇ ಉಪನಿಷತ್ತು ಮುಂದೆ ಭೃಗುವಲ್ಲಿಯಲ್ಲಿ ಅನ್ನವನ್ನು ನಿಂದಿಸದಿರುವುದನ್ನು ವ್ರತವಾಗಿ ವಿಧಿಸುತ್ತದೆ ಎಂಬುದನ್ನು ಅವರು ಗಮನಿಸುವುದಿಲ್ಲ. ಔಷಧವು ಹೊಟ್ಟೆಯ ಮೂಲಕವೇ ಚಿತ್ತಕ್ಕೆ ಹೋಗತಕ್ಕದ್ದು. ಹೊಟ್ಟೆ ಕೆಟ್ಟು ರೋಗಿಯು ಸತ್ತ ಮೇಲೆ ತಿಳಿಯಾದ ಚಿತ್ತವನ್ನು ಎಲ್ಲಿ ಇಡುವುದು?

ನನಗೆ ಪರಿಚಿತವಾದ ಒಂದು ಮನೆಯ ಸಂಗತಿಯನ್ನು ಹೇಳಬೇಕಾಗಿದೆ. ಊರೂ ಹೆಸರೂ ಬೇಡ. ನನ್ನಲ್ಲಿ ಅಮರಕೋಶವನ್ನು ಕಲಿತ ಒಬ್ಬ ಹುಡುಗನಿಗೆ ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಈ ರೋಗ ತಗುಲಿತು. ಯಾರೋ ತನ್ನನ್ನು ಬೈಯುತ್ತಿದ್ದಾರೆಂದೂ, ಊಟದಲ್ಲಿ ಗಾಜಿನ ಪುಡಿಯನ್ನು ಹಾಕಿ ತನ್ನ ಹೊಟ್ಟೆಯೊಳಕ್ಕೆ ಸೇರಿಸುತ್ತಿದ್ದಾರೆಂದೂ ಹೇಳುತ್ತಿದ್ದನು. ತಂದೆಯಿಲ್ಲದ ಮನೆ, ತಾಯಿ, ಗಂಡನನ್ನು ಕಳೆದುಕೊಂಡು ತವರಿಗೆ ಬಂದಿದ್ದ ಅಕ್ಕ, ಇವರಿಬ್ಬರೇ ದಿಕ್ಕು. ಎರಡು ಔಷಧಗಳು ವ್ಯರ್ಥವಾದ ಮೇಲೆ ಕ್ಲೋಜಪೀನನ್ನು ಕೊಟ್ಟರು. ಕೆಲವು ತಿಂಗಳುಗಳಲ್ಲಿ ಹುಡುಗನು ವೃತ್ತಪತ್ರಿಕೆಯನ್ನು ಓದತೊಡಗಿದನು. ವರ್ಷ ಕಳೆಯುವುದರೊಳಗೆ ಅಡಕೆ ಮಂಡಿಯೊಂದರಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ ಸೇರಿದನು. ‘ಹುಚ್ಚು ಬಿಡುವ ತನಕ ಮದುವೆಯಾಗದು, ಮದುವೆಯಾಗುವ ತನಕ ಹುಚ್ಚು ಬಿಡದು’ ಎಂಬ ಗಾದೆಯನ್ನು ಅವನೇ ನಗುತ್ತಾ ನನ್ನ ಎದುರಿಗೆ ಹೇಳಿದ್ದುಂಟು.

ಮೂರು ವರ್ಷಗಳಾದ ಮೇಲೆ ಒಂದು ದಿವಸ ಅವನು, ‘ಹೊಟ್ಟೆಯೊಳಗೆ ಕಲ್ಲು ಇಟ್ಟ ಹಾಗಿದೆ’ ಎಂದನು. ಮನೆಯವರಿಗೆ ಎದೆ ಒಡೆದಂತಾಯಿತು. ಹಿಂದೆ ಗಾಜು, ಈಗ ಕಲ್ಲು. ರೋಗವು ಮರುಕಳಿಸಿತೆಂದೇ ಎಲ್ಲರೂ ತಿಳಿದರು. ಸೋದರಮಾವನು ದೂರವಾಣಿಯಲ್ಲಿ ವೈದ್ಯರೊಬ್ಬರನ್ನು ಕೇಳಿದನು. ಅವರು ಹುಡುಗನನ್ನು ನೋಡದೆಯೇ ಮಾತ್ರೆಯನ್ನು ಹೆಚ್ಚಿಸಲು ಹೇಳಿದರು. ಕರುಳನ್ನು ಕಟ್ಟಿಹಾಕಿದ್ದ ಹಗ್ಗಕ್ಕೆ ಇನ್ನೊಂದು ಸುತ್ತು ಬಿದ್ದಂತಾಯಿತು. ಎರಡನೆಯ ರಾತ್ರಿ ವಾಂತಿಯಾಯಿತು. ಆಗ ಅಕ್ಕನು ಅವನ ಅಂಗಿಯನ್ನು ಮೇಲೆತ್ತಿ ಹೊಟ್ಟೆಯ ಮೇಲೆ ಕೈಯಿಟ್ಟು, ‘ಅಮ್ಮಾ, ಇವನು ಹೇಳಿದ್ದು ನಿಜ, ಕಲ್ಲಿನ ಹಾಗೆಯೇ ಇದೆ’ ಎಂದಳಂತೆ. ಬೆಳಗಾಗುವುದರೊಳಗೆ ಆಸ್ಪತ್ರೆಗೆ ಸೇರಿಸಿದರು. ದೊಡ್ಡ ಕರುಳಿನಲ್ಲಿ ಸತ್ತುಹೋಗಿದ್ದ ಭಾಗವನ್ನು ಶಸ್ತ್ರವೈದ್ಯರು ಕತ್ತರಿಸಿ ತೆಗೆದರು. ಹುಡುಗನು ಬದುಕಿದನು.

ನ್ಯಾಯಶಾಸ್ತ್ರವನ್ನು ಓದಿದವರಿಗೆ ಇಲ್ಲಿ ವಿಚಾರಕ್ಕೆ ಬೇಕಾದಷ್ಟು ಸಾಮಗ್ರಿ ಉಂಟು. ಆಪ್ತನ ವಾಕ್ಯವು ಪ್ರಮಾಣವೆನ್ನುತ್ತೇವೆ. ಆಪ್ತನೆಂದರೆ ಯಾರು? ವಿಷಯವನ್ನು ಸಾಕ್ಷಾತ್ತಾಗಿ ಅರಿತವನು, ಅರಿತುದನ್ನು ಅರಿತಂತೆಯೇ ತಿಳಿಸಲು ಇಚ್ಛೆಯುಳ್ಳವನು. ಈ ಲಕ್ಷಣವು ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನವೆಂದು ವಾತ್ಸ್ಯಾಯನನು ಭಾಷ್ಯದಲ್ಲಿ ಒಪ್ಪುತ್ತಾನೆ. ಮ್ಲೇಚ್ಛನಿಗೆ ಒಪ್ಪಿದ್ದನ್ನು ಚಿತ್ತರೋಗಿಗೆ ಮಾತ್ರ ನಿರಾಕರಿಸಲು ಯಾವ ಯುಕ್ತಿಯುಂಟು? ಬೀದಿಯಲ್ಲಿ ಯಾರು ಬೈದರೆಂಬ ವಿಷಯದಲ್ಲಿ ಅವನ ಮಾತು ಬಾಧಿತವಾಗಬಹುದು. ತನ್ನ ಹೊಟ್ಟೆಯ ನೋವಿನ ವಿಷಯದಲ್ಲಿ ಅವನಿಗಿಂತ ಸಾಕ್ಷಾತ್ತಾಗಿ ಬಲ್ಲವನು ಮೂರು ಲೋಕದಲ್ಲಿ ಇನ್ನೊಬ್ಬನಿಲ್ಲ. ‘ಕಲ್ಲು ಇದೆ’ ಎಂದು ಅವನು ಹೇಳಲೂ ಇಲ್ಲ. ‘ಇಟ್ಟ ಹಾಗಿದೆ’ ಎಂದನು. ಉಪಮಾಲಂಕಾರವನ್ನು ಮನೆಯವರು ಭ್ರಾಂತಿಯೆಂದು ತಿಳಿದರು. ಒಮ್ಮೆ ಬುದ್ಧಿ ಕೆಟ್ಟವನಿಗೆ ಉಪಮಾನವನ್ನು ಬಳಸುವ ಅಧಿಕಾರವೂ ಇಲ್ಲವಾಗುವುದು ಎಷ್ಟು ಕ್ರೂರವಾದ ಸ್ಥಿತಿ!

ಹಾಗಾದರೆ ಅವನು ನೋವೆಂದು ಹೇಳಿದಾಗ ನಂಬಿದರೆ ಸಾಕೆ? ಸಾಲದು. ಈ ರೋಗವುಳ್ಳವರಲ್ಲಿ ಅನೇಕರು ನೋವನ್ನು ಇತರರಷ್ಟು ಹೇಳಿಕೊಳ್ಳುವುದಿಲ್ಲ. ನ್ಯೂಜಿಲೆಂಡಿನ ಪರೀಕ್ಷೆಯಲ್ಲಿಯೂ ಕರುಳಿನ ಗತಿಯು ಅಳತೆಯಿಂದ ಮಂದವೆಂದು ಸಿದ್ಧವಾದವರಲ್ಲಿ ಹೆಚ್ಚು ಮಂದಿ ತಮಗೆ ಮಲಬದ್ಧತೆಯಿದೆಯೆಂದು ಹೇಳಿರಲಿಲ್ಲ. ಇಲ್ಲಿ ಮೀಮಾಂಸಕರ ಒಂದು ಸೂಕ್ಷ್ಮವು ನೆರವಿಗೆ ಬರುತ್ತದೆ. ಕಾಣದಿರುವುದರಿಂದ ‘ಇಲ್ಲ’ವೆಂದು ನಿರ್ಣಯಿಸಬೇಕಾದರೆ, ಇದ್ದಿದ್ದರೆ ಕಾಣಲೇಬೇಕಾಗಿತ್ತು ಎಂಬ ಯೋಗ್ಯತೆ ಇರಬೇಕು. ಬೆಳಕಿನಲ್ಲಿ ಗಡಿಗೆ ಕಾಣದಿದ್ದರೆ ಗಡಿಗೆಯಿಲ್ಲ. ಕತ್ತಲೆಯಲ್ಲಿ ಕಾಣದಿದ್ದರೆ ಏನೂ ಸಿದ್ಧವಾಗದು. ಈ ರೋಗಿಯ ಮೌನವು ಕತ್ತಲೆಯ ಕೋಣೆ. ಅವನು ದೂರಲಿಲ್ಲವೆಂದು ಸಮಾಧಾನಪಡುವ ಮನೆಯವರೂ ವೈದ್ಯರೂ ಕತ್ತಲೆಯಲ್ಲಿ ಗಡಿಗೆಯಿಲ್ಲವೆಂದು ಸಾಧಿಸಿದವರಾಗುತ್ತಾರೆ. ಆದುದರಿಂದ ನುಡಿದರೆ ನಂಬಬೇಕು, ನುಡಿಯದಿದ್ದರೆ ಕೇಳಬೇಕು, ದಿನಗಳನ್ನು ಎಣಿಸಬೇಕು.

ಉಪಾಯವು ದುಬಾರಿಯಾದುದೂ ಅಲ್ಲ. ನ್ಯೂಜಿಲೆಂಡಿನ ಪೊರಿರುವಾ ಎಂಬಲ್ಲಿಯ ವೈದ್ಯರು ರೋಗಿಗಳಿಗೆ ಮೊದಲಿನಿಂದಲೇ ಕ್ರಮವಾಗಿ ವಿರೇಚಕಗಳನ್ನು ಕೊಟ್ಟು ನೋಡಿ 2017ರಲ್ಲಿ ಪ್ರಕಟಿಸಿದರು. 110 ಗಂಟೆಯಷ್ಟಿದ್ದ ಕಾಲವು 62 ಗಂಟೆಗೆ ಇಳಿಯಿತು. ಆ ಔಷಧಗಳಲ್ಲಿ ಒಂದು ನಮ್ಮ ಅಜ್ಜಿಯರು ಬಲ್ಲ ಸೋನಾಮುಖಿಯೇ! ಆದರೆ ಮನೆಮದ್ದನ್ನು ಮನೆಯವರೇ ಆರಿಸಿಕೊಳ್ಳತಕ್ಕದ್ದಲ್ಲ. ಕರುಳು ಚಲಿಸದೆ ನಿಂತಿರುವಾಗ ಇಸಬ್‌ಗೋಲಿನಂಥ ಉಬ್ಬುವ ಪದಾರ್ಥವು ಹಾನಿಯನ್ನೇ ಮಾಡಬಹುದು. ಹೆದರಿ ಕ್ಲೋಜಪೀನನ್ನು ಒಮ್ಮೆಗೇ ನಿಲ್ಲಿಸಿಬಿಡುವುದೂ ಸಲ್ಲದು. ಚಿತ್ತವು ಹಿಂದಿಗಿಂತ ಉಗ್ರವಾಗಿ ಕೆರಳಬಹುದು. ಈ ಎರಡನ್ನೂ ವೈದ್ಯರೊಡನೆ ಕುಳಿತು ನಿರ್ಣಯಿಸಬೇಕು. ಹೊಟ್ಟೆನೋವು, ಉಬ್ಬರ, ವಾಂತಿ ಇವು ಕೂಡಿದರೆ ಮಾತ್ರ ಬೆಳಗಾಗುವವರೆಗೂ ಕಾಯತಕ್ಕದ್ದಲ್ಲ.

ಈಗ ಮೊದಲ ಪ್ರಶ್ನೆಗೆ ಬರೋಣ. ಲಾಭವೂ ಅವನದೇ, ನಷ್ಟವೂ ಅವನದೇ. ಬುದ್ಧಿ ಬಂದಿತು, ಕರುಳು ಹೋಯಿತು. ಒಬ್ಬನ ಖಾತೆಯಲ್ಲಿಯೇ ಜಮೆಯೂ ಖರ್ಚೂ ಇರುವಾಗ ಇದರಲ್ಲಿ ಅಧರ್ಮವೆಲ್ಲಿ ಎಂದು ಕೆಲವರು ಕೇಳುತ್ತಾರೆ. ಲೆಕ್ಕವು ಅಷ್ಟು ಸರಳವಲ್ಲ. ಅವನ ಬುದ್ಧಿ ತಿಳಿಯಾದಾಗ ರಾತ್ರಿ ನಿದ್ರೆ ಮಾಡಿದವರು ತಾಯಿಯೂ ಅಕ್ಕನೂ. ಬೀದಿಯವರಿಗೆ ಕಿರುಚಾಟ ತಪ್ಪಿತು. ಮಂಡಿಯವನಿಗೆ ಒಳ್ಳೆಯ ಗುಮಾಸ್ತನು ದೊರೆತನು. ಜಮೆಯಲ್ಲಿ ಹತ್ತು ಮಂದಿಗೆ ಪಾಲುಂಟು. ಖರ್ಚು ಮಾತ್ರ ಅವನೊಬ್ಬನ ಹೊಟ್ಟೆಯಿಂದ. ಪಾಲನ್ನು ಪಡೆದು ತೆರದೆ ಉಳಿದವನನ್ನು ಲೋಕದಲ್ಲಿ ಏನೆನ್ನುತ್ತಾರೆ? ಸಾಲಗಾರನೆನ್ನುತ್ತಾರೆ. ದೇವಋಣ, ಋಷಿಋಣ, ಪಿತೃಋಣಗಳನ್ನು ನಾವು ಬಾಯಿಪಾಠವಾಗಿ ಬಲ್ಲೆವು. ಮಾತ್ರೆಯನ್ನು ನುಂಗಿ ಮನೆಯನ್ನು ಉಳಿಸಿದವನಿಗೆ ಸಲ್ಲಬೇಕಾದ ಋಣವನ್ನು ಯಾವ ಸ್ಮೃತಿಕಾರನೂ ಬರೆಯಲಿಲ್ಲ. ಆದರೂ ಅದು ಋಣವೇ. ಅದನ್ನು ತೀರಿಸುವುದು ದಾನಧರ್ಮಗಳಿಂದಲ್ಲ, ಅವನನ್ನು ದಿನವೂ ಒಂದು ಕೀಳೆನಿಸುವ ಪ್ರಶ್ನೆಯನ್ನು ಕೇಳುವುದರಿಂದ.

ಆ ಹುಡುಗನಿಗೆ ಶಸ್ತ್ರಚಿಕಿತ್ಸೆಯಾದಾಗ ಕ್ಲೋಜಪೀನನ್ನು ನಿಲ್ಲಿಸಿದ್ದರು. ಮೂರು ವಾರಗಳಲ್ಲಿ ಹಳೆಯ ದನಿಗಳು ಮರಳಿದುವು. ಬೇರೊಂದು ಔಷಧವು ಅರ್ಧವನ್ನು ಮಾತ್ರ ತಡೆಯಿತು. ಕ್ಲೋಜಪೀನನ್ನು ಪುನಃ ಕೊಡಬಹುದೆ ಎಂಬ ಚರ್ಚೆ ನಡೆದಿದ್ದಾಗ ನಾನು ನೋಡಲು ಹೋಗಿದ್ದೆನು. ಮಧ್ಯಾಹ್ನದ ಹೊತ್ತು, ಅವನು ಸಮಾಧಾನದಿಂದಿದ್ದನು. ‘ಮೇಷ್ಟ್ರೇ, ಕರುಳು ಹೋದರೆ ಇನ್ನೊಂದು ಗೇಣು ಹೋದೀತು. ಆ ದನಿಗಳು ನಿಂತರೆ ನಾನು ಇರುತ್ತೇನೆ’ ಎಂದನು. ಇದೇ ಮಾತನ್ನು ಸೋದರಮಾವನು ಹಿಂದಿನ ದಿವಸ ಬೇರೆ ರೀತಿಯಲ್ಲಿ ಹೇಳಿದ್ದನು: ‘ಒಂದು ಗೇಣು ಕರುಳು ಹೋದರೇನಂತೆ, ಬುದ್ಧಿ ನೆಟ್ಟಗಿದ್ದರೆ ಸಾಕು.’ ಅರ್ಥವು ಒಂದೇ. ಆದರೆ ಮಾವನ ಬಾಯಲ್ಲಿ ನನಗೆ ಅಸಹ್ಯವಾಗಿ ಕೇಳಿಸಿದುದು ಹುಡುಗನ ಬಾಯಲ್ಲಿ ಧೀರವಾಕ್ಯವಾಗಿ ಕೇಳಿಸಿತು. ತೆರತಕ್ಕವನು ಬೆಲೆಯನ್ನು ಹೇಳಬಹುದು, ತೆಗೆದುಕೊಳ್ಳತಕ್ಕವನು ಹೇಳಬಾರದು. ಈ ಭೇದವನ್ನು ವೈದ್ಯರ ಗ್ರಂಥಗಳಲ್ಲಿ ‘ಸಮ್ಮತಿ’ ಎಂಬ ಒಣ ಶಬ್ದದಿಂದ ಕರೆಯುತ್ತಾರೆ. ರೋಗವು ಉಗ್ರವಾಗಿದ್ದಾಗ, ಏನನ್ನೂ ಗ್ರಹಿಸಲಾರದ ಸ್ಥಿತಿಯಲ್ಲಿ ಮೊದಲ ಮಾತ್ರೆಯನ್ನು ಕೊಟ್ಟಿರುತ್ತಾರೆ. ಆಗಿನ ಸಮ್ಮತಿಯು ಸಮ್ಮತಿಯಲ್ಲ. ಬುದ್ಧಿ ತಿಳಿಯಾದ ಮೇಲೆ ಕೂರಿಸಿಕೊಂಡು, ‘ಅಪ್ಪಾ, ಈ ಔಷಧದಿಂದ ನಿನ್ನ ಕರುಳಿಗೆ ಇಂಥಿಂಥ ಭಯವುಂಟು, ಮುಂದುವರಿಸೋಣವೆ?’ ಎಂದು ಎರಡನೆಯ ಬಾರಿ ಕೇಳಬೇಕು. ಹಾಗೆ ಕೇಳುವವರು ವಿರಳ. ಗುಣವಾದವನಿಗೆ ಭಯವನ್ನು ಹೇಳಿದರೆ ಮಾತ್ರೆಯನ್ನು ಬಿಟ್ಟಾನೆಂಬ ಅಂಜಿಕೆ. ಅಂದರೆ ಅವನ ಬುದ್ಧಿ ಮರಳಿದೆಯೆಂದು ಸಂತೋಷಪಡುವವರೇ ಆ ಬುದ್ಧಿಯನ್ನು ನಂಬಲಾರರು.

ನಮ್ಮ ದೇಶದ 2017ನೆಯ ಇಸವಿಯ ಮಾನಸಿಕ ಆರೋಗ್ಯ ಶಾಸನವು, ಮುಂದೆ ತನ್ನ ಬುದ್ಧಿ ಕೆಟ್ಟರೆ ತನಗೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ, ತನ್ನ ಪರವಾಗಿ ಮಾತಾಡತಕ್ಕವರು ಯಾರು ಎಂಬುದನ್ನು ಬರೆದಿಡುವ ಹಕ್ಕನ್ನು ಕೊಟ್ಟಿದೆ. ವಿರೇಚಕಗಳೊಡನೆ ಕ್ಲೋಜಪೀನನ್ನು ಸ್ವಲ್ಪ ಸ್ವಲ್ಪವಾಗಿ ಪುನಃ ಆರಂಭಿಸಿ, ದನಿಗಳು ಅಡಗಿದ ಮೇಲೆ ಆ ಹುಡುಗನು ಇಂಥ ಪತ್ರವೊಂದನ್ನು ಬರೆದನು. ಕರಡನ್ನು ನನಗೆ ತೋರಿಸಿದನು. ಎರಡು ಕಡೆ ಸಂಧಿದೋಷವಿತ್ತು, ತಿದ್ದಿಕೊಟ್ಟೆನು. ಔಷಧವನ್ನು ಮುಂದುವರಿಸಬೇಕು, ಪ್ರತಿನಿಧಿಯು ಅಕ್ಕ. ಕಡೆಯ ಸಾಲಿನಲ್ಲಿ, ತಾನು ಹೊಟ್ಟೆನೋವೆಂದರೆ, ಎಷ್ಟೇ ಅಸಂಬದ್ಧವಾಗಿ ಹೇಳಿದರೂ, ಮೊದಲು ಹೊಟ್ಟೆಯನ್ನು ಮುಟ್ಟಿ ನೋಡತಕ್ಕದ್ದು, ಮಾತ್ರೆಯ ವಿಚಾರವನ್ನು ಆಮೇಲೆ ಮಾಡತಕ್ಕದ್ದು ಎಂದು ಬರೆದಿದ್ದನು.